ಒಂದಿಂಚು ಹನ್ನೆರಡು ಸೆಂಟಿನ ಹೂಮಳೆ

ನಮ್ಮ ಬಣಕಲ್ ಸುತ್ತಮುತ್ತ ಮಳೆ ಬಂದ ಮರುದಿನ ಬೆಳಿಗ್ಗೆ ಯಾರೂ ಯಾರ ಯೋಗಕ್ಷೇಮವನ್ನೂ ವಿಚಾರಿಸುವುದಿಲ್ಲ. "ಎಷ್ಟ್ ಸೆಂಟ್ ಬಂತು?" ಎಂಬುದೊಂದೇ ಪ್ರಶ್ನೆ. ಇಂಚಿನ ನೂರರಲ್ಲೊಂದು ಪಾಲಿಗೆ ಸೆಂಟು ಎನ್ನುವ ಈ ಕಾಫಿ ಸೀಮೆಯಲ್ಲಿ, ಹೆಂಡತಿಯ ಹುಟ್ಟುಹಬ್ಬವನ್ನು ಮರೆತ ಗಂಡಸರೂ ಹೋದ ವರ್ಷದ ಮಾರ್ಚ್ ಮಳೆಯನ್ನು ಸೆಂಟು ಬಿಡದೆ ಹೇಳಬಲ್ಲರು. (ನಾನು ಎರಡನ್ನೂ ಮರೆತಿಲ್ಲ. ಎರಡೂ ಡೈರಿಯಲ್ಲಿವೆ.)

ಇಪ್ಪತ್ತೆರಡು ವರ್ಷಗಳಿಂದ ನಾನು ಮಳೆಯ ದಾಖಲೆಯನ್ನು ಒಂದು ದಿನವೂ ತಪ್ಪದೆ ಬರೆದಿದ್ದೇನೆ. ಮಗಳು ಹುಟ್ಟಿದ ದಿನದ ಪುಟದಲ್ಲಿ "ಮಳೆ ೮೪ ಸೆಂಟು. ಹೆಣ್ಣು ಮಗು, ಮೂರು ಕೆಜಿ" ಎಂದಿದೆ. ಆ ಎರಡು ವಾಕ್ಯಗಳ ಅನುಕ್ರಮವನ್ನು ನನ್ನ ಧರ್ಮಪತ್ನಿ ಸುಕನ್ಯಾ ಇಂದಿಗೂ ಕ್ಷಮಿಸಿಲ್ಲ. ಆದರೆ ಮಳೆಮಾಪಕವನ್ನು ಬೆಳಿಗ್ಗೆ ಎಂಟಕ್ಕೆ ನೋಡಿದ್ದೆ, ಮಗಳು ಹುಟ್ಟಿದ್ದು ಹತ್ತೂಕಾಲಿಗೆ. ಇದರಲ್ಲಿ ನನ್ನ ತಪ್ಪೇನೂ ಇಲ್ಲ.

ಇಂಥ ದಾಖಲೆ ಇರುವ ಮನೆಗೆ ಫೋನುಗಳು ಬರುವುದು ಸಹಜ. ಮಳೆ ಬಂದ ಬೆಳಿಗ್ಗೆ ಹತ್ತು ಹನ್ನೊಂದು ಮಂದಿ ವಿಚಾರಿಸುತ್ತಿದ್ದರು, ನನ್ನ ಕಾಫಿ ಆರಿ ಹೋಗುತ್ತಿತ್ತು. ಎರಡನೆಯ ಲೋಟ ಕೇಳಿದರೆ ಸುಕನ್ಯಾ, "ಮಳೆ ಅರ್ಧ ಗಂಟೆ ಬರ್ತದೆ, ಅದರ ಸುದ್ದಿ ಎರಡು ಗಂಟೆ ಹೇಳ್ತೀರಿ. ಎರಡನೇ ಲೋಟ ನೀವೇ ಮಾಡ್ಕೊಳ್ಳಿ" ಎನ್ನುತ್ತಿದ್ದಳು.

ಈ ಅನ್ಯಾಯವನ್ನು ಶಾಶ್ವತವಾಗಿ ನಿವಾರಿಸುವ ಉಪಾಯ ಹೊಳೆದದ್ದು ಈ ವರ್ಷದ ಜನವರಿ ಹನ್ನೊಂದರಂದು. ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಮ್ಯಾಕ್ರೋ ಎಂಬ ಒಂದು ವಿದ್ಯೆಯಿದೆ. ಒಂದು ಕಡೆ ಹೆಸರು, ಅದರ ಪಕ್ಕದಲ್ಲಿ ಇಮೇಲ್ ವಿಳಾಸ ಬರೆದಿಟ್ಟು ಒಂದು ಗುಂಡಿಯನ್ನು ಒತ್ತಿದರೆ, ಅದು ಸಾಲು ಸಾಲಾಗಿ ಇಳಿಯುತ್ತ ಪ್ರತಿಯೊಬ್ಬರಿಗೂ ಅವರವರ ಹೆಸರು ಹಿಡಿದು ಪ್ರತ್ಯೇಕ ಪತ್ರ ಕಳುಹಿಸುತ್ತದೆ. ಹತ್ತೊಂಬತ್ತು ದಿನ ವಿಡಿಯೋಗಳನ್ನು ನೋಡಿ, ಟಿಪ್ಪಣಿ ಮಾಡಿಕೊಂಡು ಇದನ್ನು ಕಲಿತೆ. ನಾನೇ ಕಾರ್ಯದರ್ಶಿಯಾಗಿರುವ ನಮ್ಮ ಬೆಳೆಗಾರರ ಸಂಘದ ನಲವತ್ತಮೂರು ಸದಸ್ಯರ ವಿಳಾಸಗಳನ್ನು ಸಂಗ್ರಹಿಸಿದೆ. (ಇಪ್ಪತ್ತಾರು ಮಂದಿಗೆ ತಮಗೊಂದು ಇಮೇಲ್ ಇದೆಯೆಂಬುದೇ ಮಕ್ಕಳನ್ನು ಕೇಳಿದ ಮೇಲೆ ತಿಳಿಯಿತು.) ಮೊದಲ ಪ್ರಯೋಗದಲ್ಲಿ ನಲವತ್ತಮೂರು ಪತ್ರಗಳೂ ನನಗೇ ಬಂದವು. ಎಲ್ಲವನ್ನೂ ಓದಿದೆ. ಒಂದರಲ್ಲೂ ಅಕ್ಷರದೋಷವಿರಲಿಲ್ಲ.

ಬರೀ ಅಂಕಿ ಕಳುಹಿಸುವುದು ನನ್ನ ಸ್ವಭಾವಕ್ಕೆ ಒಗ್ಗದು. ಆದ್ದರಿಂದ ಮಳೆಯ ಪ್ರಮಾಣಕ್ಕೆ ತಕ್ಕ ಒಕ್ಕಣೆಯನ್ನು ಮ್ಯಾಕ್ರೋ ತಾನೇ ಆರಿಸಿಕೊಳ್ಳುವಂತೆ ಮಾಡಿದೆ. ಹತ್ತು ಸೆಂಟಿನೊಳಗೆ: "ಧೂಳು ಅಡಗುವಷ್ಟು ಕೃಪೆಯಾಗಿದೆ." ಐವತ್ತರೊಳಗೆ: "ಭೂಮಿ ತಂಪಾಗಿದೆ, ಆಸೆ ಚಿಗುರಿದೆ." ಒಂದಿಂಚು ದಾಟಿದರೆ ಮಾತ್ರ ಹೊರಬೀಳುವ ಒಕ್ಕಣೆಯೊಂದಿತ್ತು. ಕಾಫಿ ಮೊಗ್ಗನ್ನು ಅರಳಿಸುವ ಹೂಮಳೆ ಎಂದರೆ ನಮ್ಮ ವರ್ಷದ ಭವಿಷ್ಯ, ಅದಕ್ಕೆಂದೇ ನಾಲ್ಕು ದಿನ ಕುಳಿತು ಬರೆದದ್ದು: "ಮಾನ್ಯರೇ, ಬಹುದಿನಗಳಿಂದ ನಿರೀಕ್ಷಿಸಿದ್ದ ಹೂಮಳೆಯು ನಮ್ಮ ಗಿರಿಶ್ರೇಣಿಯನ್ನು ಅನುಗ್ರಹಿಸಿದೆ. ಇನ್ನು ಸ್ಪ್ರಿಂಕ್ಲರ್‌ಗಳಿಗೆ ವಿಶ್ರಾಂತಿ ನೀಡಬಹುದು. ಸಮಸ್ತ ಬೆಳೆಗಾರ ಬಾಂಧವರಿಗೆ ಹಾರ್ದಿಕ ಅಭಿನಂದನೆಗಳು."

ಸುಕನ್ಯಾಳಿಗೆ ಓದಿ ಹೇಳಿದೆ. ಬೀನ್ಸಿನ ನಾರು ತೆಗೆಯುತ್ತಿದ್ದವಳು ಕೊನೆಯವರೆಗೂ ಕೇಳಿ, "ಇದನ್ನ ಓದಿ ಮುಗಿಸೋದ್ರೊಳಗೆ ಹೂ ಅರಳಿ ಉದುರಿರ್ತದೆ" ಎಂದಳು.

"ನಿನಗೆ ಒಕ್ಕಣೆಯ ಘನತೆ ಗೊತ್ತಿಲ್ಲ."

"ನಂಗೆ ಬೀನ್ಸ್ ಗೊತ್ತು. ಹೂಮಳೆ ಬರ್ಲಿ, ನೋಡಣ."

ಫೆಬ್ರವರಿಯಲ್ಲಿ ಒಂದು ಸಣ್ಣ ಮಳೆ ಬಂತು, ಹನ್ನೆರಡು ಸೆಂಟು. ಅಂಕಿ ತುಂಬಿ ಗುಂಡಿ ಒತ್ತಿದೆ. ನಲವತ್ತಮೂರು ಪತ್ರಗಳು ಒಂದೂವರೆ ನಿಮಿಷದಲ್ಲಿ ಹೊರಟವು. ಮರುಕ್ಷಣವೇ ಫೋನು ಬಂತು. ಬೇಲಿಯಾಚೆಯ ತೋಟದ ಷಡಕ್ಷರಿ.

"ಉಮೇಶಣ್ಣ, ನಿಮ್ಮಿಂದ ಎಂತದೋ ಬಂದಿದೆ ಮಾರಾಯ್ರೆ, ಫೋನಲ್ಲಿ ಟಿಣ್ ಅಂತು. ಎಂತ ಬರ್ದಿದೀರಿ?"

"ಮಳೆ ಹನ್ನೆರಡು ಸೆಂಟು ಅಂತ."

"ಹಂಗೆ ಫೋನ್ ಮಾಡಿ ಹೇಳೋದಲ್ವಾ?"

ಆ ದಿನ ಮೂವತ್ತೊಂದು ಫೋನುಗಳು ಬಂದವು. ಸುಕನ್ಯಾ ಎಣಿಸಿ ಹೇಳಿದಳು, ನಾನು ಕೇಳಿರಲಿಲ್ಲ.

ಆದರೆ ಓದಿ, ಮೆಚ್ಚಿ, ಉತ್ತರ ಬರೆದವರು ಒಬ್ಬರಿದ್ದರು. ಸಂಘದ ಅಧ್ಯಕ್ಷರಾದ ಚಂದ್ರಶೇಖರಪ್ಪನವರು. ಎಪ್ಪತ್ತು ದಾಟಿದ ಅವರು ಚಿಕ್ಕಮಗಳೂರಿನಲ್ಲಿ ಮನೆ ಮಾಡಿಕೊಂಡು, ನಮ್ಮ ಪಕ್ಕದೂರಿನ ತೋಟವನ್ನು ಫೋನಿನಲ್ಲೇ ನಡೆಸುತ್ತಾರೆ. "ಉತ್ತಮ ವ್ಯವಸ್ಥೆ. ಮಾರ್ಚ್ ಕೊನೆಯ ಭಾನುವಾರ ಮೂಡಿಗೆರೆಯ ಸಭೆಯಲ್ಲಿ ಇದನ್ನು ಸಂಘದ ಅಧಿಕೃತ ಮಳೆ ವರದಿಯೆಂದು ಘೋಷಿಸೋಣ" ಎಂದು ಬರೆದಿದ್ದರು. ಅಧಿಕೃತ ಎಂಬ ಪದವನ್ನು ನಾನು ಆ ದಿನ ಹಲವು ಬಾರಿ ಓದಿಕೊಂಡೆ. ಇಪ್ಪತ್ತೆರಡು ವರ್ಷ ಒಬ್ಬನೇ ಅಂಗಳ ದಾಟಿ ಹೋಗಿ ಗಾಜಿನ ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದವನಿಗೆ ಅದಕ್ಕಿಂತ ದೊಡ್ಡ ಪದವಿಲ್ಲ.

ಆ ಭಾನುವಾರಕ್ಕೆ ಮೂರು ದಿನ ಮುಂಚೆ, ಗುರುವಾರ, ನಾವಿಬ್ಬರೂ ಕಳಸದಲ್ಲಿ ನನ್ನ ಷಡ್ಡಕನ ಮನೆಯ ಗೃಹಪ್ರವೇಶಕ್ಕೆ ಹೋಗಿ ಅಲ್ಲೇ ಉಳಿದೆವು. ಎಂಟು ಗಂಟೆಯ ಅಳತೆ ತಪ್ಪಬಾರದೆಂದು ಶುಕ್ರವಾರ ಬೆಳಗಿನ ತಿಂಡಿಯನ್ನೂ ತಿನ್ನಗೊಡದೆ ಸುಕನ್ಯಾಳನ್ನು ಹೊರಡಿಸಿದೆ. (ತಿಂಡಿ ನೀರ್ದೋಸೆ ಮತ್ತು ಕಾಯಿಹಾಲು. ಇದನ್ನು ಸುಕನ್ಯಾ ಕೊಟ್ಟಿಗೆಹಾರದವರೆಗೂ ನೆನಪಿಸುತ್ತಿದ್ದಳು.)

ಕಾರಿನಿಂದಿಳಿದು ನೇರ ಮಳೆಮಾಪಕದತ್ತ ನಡೆದೆ. ಅದು ಮನೆಯಿಂದ ಇನ್ನೂರು ಅಡಿ ದೂರದಲ್ಲಿ, ಬೇಲಿಯ ಬಳಿಯಿದೆ. ಮಾಪಕದ ಸುತ್ತ ಮರದ ಮರೆಯಿರಬಾರದೆಂಬುದು ನಿಯಮ, ನಮ್ಮ ತೋಟದಲ್ಲಿ ಅಂಥ ಬಯಲಿರುವುದು ಅಲ್ಲೊಂದೇ ಕಡೆ. ನೋಡುತ್ತೇನೆ, ನೆಲ ಹಸಿಯಾಗಿದೆ, ಗಿಡದೆಲೆಗಳಿಂದ ಹನಿ ತೊಟ್ಟಿಕ್ಕುತ್ತಿದೆ. ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದೆ. ಒಂದಿಂಚು ಹನ್ನೆರಡು ಸೆಂಟು. ಇನ್ನೊಮ್ಮೆ ನೋಡಿದೆ. ಹನ್ನೆರಡೇ.

ಓಡಲಿಲ್ಲ. ಆದರೆ ಸಾಮಾನ್ಯಕ್ಕಿಂತ ಬೇಗ ನಡೆದು ಮನೆಗೆ ಬಂದೆ. ಸುಕನ್ಯಾ ಅಂಗಳದ ತಂತಿಯಿಂದ ಬಟ್ಟೆ ತೆಗೆಯುತ್ತಿದ್ದಳು.

"ಹೂಮಳೆ ಬಂದಿದೆ, ಸುಕನ್ಯಾ. ಒಂದಿಂಚು ಹನ್ನೆರಡು."

ಅವಳು ಕೈಯಲ್ಲಿದ್ದ ದುಪ್ಪಟಿಯನ್ನು ನನ್ನ ಕೆನ್ನೆಗೆ ಒತ್ತಿದಳು. "ಇದು ಒದ್ದೆಯಾ?"

"ಒಣಗಿದೆ."

"ನಿನ್ನೆ ಬೆಳಿಗ್ಗೆ ಹಾಕಿದ್ದು. ತೆಗೆಯಕ್ಕೆ ಮರ್ತು ಹೋಗಿದ್ದೆ. ಅಂಗಳ ನೋಡಿ, ಧೂಳು ಹಂಗೇ ಇದೆ. ಇದೆಂತ ಮಳೆ ರೀ?"

"ಬೇಸಿಗೆ ಮಳೆ ರಸ್ತೆಯ ಈಚೆ ಬಿದ್ದರೆ ಆಚೆ ಬೀಳುವುದಿಲ್ಲ. ಇದು ನಿನಗೂ ಗೊತ್ತಿರುವ ವಿಷಯ."

"ರಸ್ತೆ ಬೇರೆ. ಬಟ್ಟೆ ತಂತಿ ಈಚೆ ಆಚೆ ಅಂತ ಬಿಟ್ಟು ಬೀಳ್ತದಾ?"

"ಮಳೆಮಾಪಕ ದಾಖಲೆ. ಅಂಗಳ ದಾಖಲೆಯಲ್ಲ" ಎಂದು ನಾನು ಸಮಾಧಾನದಿಂದಲೇ ಹೇಳಿದೆ. (ಈ ವಾಕ್ಯವನ್ನು ಆಮೇಲೆ ಹಲವರು ಹಲವು ಸಂದರ್ಭಗಳಲ್ಲಿ ನನಗೇ ಹೇಳಿದ್ದಾರೆ.)

"ಸ್ವಲ್ಪ ತಡೀರಿ. ಯಾರನ್ನಾದ್ರೂ ಕೇಳಿ."

"ಜನ ನನ್ನನ್ನು ಕೇಳುತ್ತಾರೆ. ನಾನು ಯಾರನ್ನು ಕೇಳಲಿ?"

ಒಳಗೆ ಹೋಗಿ ೧೧೨ ಎಂದು ತುಂಬಿದೆ. ಗುಂಡಿ ಒತ್ತಿದೆ. ನಾಲ್ಕು ದಿನ ಕುಳಿತು ಬರೆದ ಒಕ್ಕಣೆ ಮೊಟ್ಟಮೊದಲ ಬಾರಿಗೆ ನಲವತ್ತಮೂರು ದಿಕ್ಕಿಗೆ ಹಾರಿಹೋಯಿತು. ಆ ಒಂದೂವರೆ ನಿಮಿಷ ನಾನು ಎದ್ದು ನಿಂತಿದ್ದೆ.

ಕಾಫಿ ಬರುವ ಮೊದಲೇ ಷಡಕ್ಷರಿ ಬಂದರು. ಮುಖದಲ್ಲಿ ಸಂಕೋಚ.

"ಉಮೇಶಣ್ಣ, ಒಂದ್ ಮಾತು ಹೇಳಿ ಹೋಗಣ ಅಂತ ಬಂದೆ. ನಿನ್ನೆ ಹೊಸ ಜೆಟ್ ತಂದು ಬೇಲಿ ಬದಿ ಹಾಕ್ಸಿದ್ದೆ. ಸ್ಪ್ರಿಂಕ್ಲರ್ ಅಲ್ಲ ಅದು, ಫಿರಂಗಿ. ನೀರು ನಿಮ್ಮ ಕಡೆನೂ ಒಂದಿಷ್ಟು ಬಿದ್ದಿದೆ. ಬೇಜಾರ್ ಮಾಡ್ಕಬೇಡಿ."

ಸುಕನ್ಯಾ ಬಾಗಿಲಲ್ಲಿ ನಿಂತು ಕೇಳಿದಳು: "ಎಷ್ಟು ಹೊತ್ತು ಓಡ್ಸಿದ್ರಿ?"

"ಮೂರ್ ಗಂಟೆ ಅಕ್ಕ. ಒಂದಿಂಚು ಆಗ್ಲೇಬೇಕಲ್ಲ, ಹೂವಿಗೆ."

"ಆಗಿದೆ" ಎಂದಳು ಸುಕನ್ಯಾ. "ಹನ್ನೆರಡು ಸೆಂಟು ಜಾಸ್ತೀನೇ ಆಗಿದೆ. ನಮ್ಮವ್ರು ಅಳೆದಿದಾರೆ."

ಆಗ ನನಗೆ ನೆನಪಾದದ್ದು ನನ್ನ ಏಕೈಕ ಓದುಗರು. ನೀರು ಹಾಯಿಸುವುದನ್ನು ಅರ್ಧಕ್ಕೆ ನಿಲ್ಲಿಸಿದರೆ ತೋಟದ ಒಂದು ಭಾಗ ಹೂ ಬಿಟ್ಟು ಇನ್ನೊಂದು ಭಾಗದ ಮೊಗ್ಗು ಹಾಗೇ ಬಾಡುತ್ತದೆ, ವರ್ಷದ ಫಸಲಿನಲ್ಲಿ ಅರ್ಧ ಹೋದಂತೆ. ಚಂದ್ರಶೇಖರಪ್ಪನವರು ಬಾಡಿಗೆಗೆ ಪಂಪು ತರಿಸಿ ಆ ವಾರವೇ ನೀರು ಹಾಯಿಸುತ್ತಿದ್ದರು. ಅವರು ನನ್ನ ಪತ್ರ ಓದುತ್ತಾರೆ. ಓದಿ, ನಂಬುತ್ತಾರೆ.

ತಿದ್ದುಪಡಿ ಕಳುಹಿಸಲು ಓಡಿದೆ. (ಈ ಸಲ ಓಡಿದೆ.) ಅಂಕಿ ಅಳಿಸಿ ಸೊನ್ನೆ ತುಂಬಿ ಗುಂಡಿ ಒತ್ತಿದೆ. ಪರದೆಯ ಮೇಲೆ ಒಂದು ಚೌಕ ಮೂಡಿತು: "ಇಂದಿನ ವರದಿಯನ್ನು ಈಗಾಗಲೇ ರವಾನಿಸಲಾಗಿದೆ. ದಯವಿಟ್ಟು ನಾಳೆ ಪ್ರಯತ್ನಿಸಿ." ದಿನಕ್ಕೆ ಎರಡು ಸಲ ಮಾತು ಬದಲಿಸುವ ವರದಿಗೆ ಬೆಲೆಯಿರುವುದಿಲ್ಲವೆಂದು ನಾನೇ ಅಳವಡಿಸಿದ ಬಂದೋಬಸ್ತು. ಎಷ್ಟು ಬಾರಿ ಒತ್ತಿದರೂ ಅದು ಅಷ್ಟೇ ವಿನಯದಿಂದ ನಿರಾಕರಿಸಿತು. ಕೆಲಸ ಚೊಕ್ಕವಾಗಿ ಮಾಡಿದ್ದೇನೆಂಬ ತೃಪ್ತಿ ಆ ಗಾಬರಿಯಲ್ಲೂ ಒಂದು ಕ್ಷಣ ಬಂದು ಹೋಯಿತೆಂದು ಒಪ್ಪಿಕೊಳ್ಳಬೇಕು.

ಬಂದೋಬಸ್ತು ಎಷ್ಟನೆಯ ಸಾಲಿನಲ್ಲಿದೆಯೆಂದು ನಾನು ಟಿಪ್ಪಣಿ ಪುಸ್ತಕದಲ್ಲಿ ಹುಡುಕುತ್ತಿರುವಾಗ ಪಕ್ಕದಿಂದ ಸುಕನ್ಯಾಳ ಧ್ವನಿ ಕೇಳಿತು. ಅವಳು ಅಧ್ಯಕ್ಷರಿಗಲ್ಲ, ಅವರ ತೋಟದ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ರೈಟರ್ ಕುಮಾರನಿಗೇ ಫೋನು ಹಚ್ಚಿದ್ದಳು.

"ಕುಮಾರ, ಪೈಪ್ ಬಿಚ್ಚಿದ್ರಾ?"

ಆ ಕಡೆಯ ಉತ್ತರ ನನಗೂ ಕೇಳಿಸುತ್ತಿತ್ತು. "ಬಿಚ್ಚಿ ಪಿಕಪ್‌ಗೆ ಹಾಕ್ತಾ ಇದೀವಿ ಅಕ್ಕ. ಇನ್ನೂ ಆರೆಕರೆ ಬಾಕಿ ಇತ್ತು. ಮಳೆ ಬಂದಿದೆ ಅಂತ ಅಯ್ಯ ಫೋನ್ ಮಾಡಿದ್ರು."

"ನಿಂಗೆ ಮಳೆ ಬಂತಾ?"

"ಇಲ್ಲಕ್ಕ. ನಾನೂ ಹೇಳ್ದೆ. ಉಮೇಶ್ ಅವ್ರು ಬರ್ದಿದಾರೆ, ನೀನೆಂತ ಹೇಳ್ತೀಯ ಅಂದ್ರು."

"ಇಳಿಸಪ್ಪ. ಮತ್ತೆ ಜೋಡಿಸು. ಉಳಿದ ಆರೆಕರೆಗೂ ನೀರು ಬಿಡು. ಅಯ್ಯನಿಗೆ ನಾನು ಹೇಳ್ತೀನಿ."

ಹೇಳಿದಳು. ಏನೂ ಮುಚ್ಚಿಡದೆ ಹೇಳಿದಳು, ಜೆಟ್, ದುಪ್ಪಟಿ ಎಲ್ಲವನ್ನೂ. ನಲವತ್ತಮೂರು ಮಂದಿಯಲ್ಲಿ ಮಿಕ್ಕ ಯಾರಿಗೂ ಹಾನಿಯಾಗಲಿಲ್ಲ, ಯಾರೂ ಪತ್ರವನ್ನು ತೆರೆದಿರಲಿಲ್ಲ.

ಭಾನುವಾರದ ಸಭೆಗೆ ಹೋಗುವುದಿಲ್ಲವೆಂದೆ. "ನಡಾವಳಿ ಯಾರು ಬರೀತಾರೆ, ನಾನಾ?" ಎಂದು ಸುಕನ್ಯಾ ನನ್ನ ಇಸ್ತ್ರಿ ಮಾಡಿದ ಅಂಗಿಯನ್ನು ಮಂಚದ ಮೇಲಿಟ್ಟು ತಾನೂ ಹೊರಟಳು.

ಚಂದ್ರಶೇಖರಪ್ಪನವರು ಎದ್ದು ನಿಂತು ಕತೆಯನ್ನೆಲ್ಲ ಹೇಳಿದರು. ಸಭೆ ಬಹಳ ಹೊತ್ತು ನಕ್ಕಿತು. ನಾನು ಪೆನ್ನಿನ ಮುಚ್ಚಳವನ್ನು ಪರಿಶೀಲಿಸುತ್ತಿದ್ದೆ. ನಗು ಇಳಿದ ಮೇಲೆ ಅವರು, "ನನ್ನ ಸ್ವಂತ ರೈಟರ್ ಮಳೆ ಇಲ್ಲ ಅಂದ್ರೂ ನಾನು ನಂಬ್ಲಿಲ್ಲ, ಉಮೇಶ ಬರ್ದಿದಾನೆ ಅಂತ ಪಂಪ್ ನಿಲ್ಸಿದೆ. ಇಪ್ಪತ್ತೆರಡು ವರ್ಷ ಒಬ್ಬ ಮನುಷ್ಯ ಸುಳ್ಳು ಬರೀದೇ ಇದ್ರೆ ಹಿಂಗಾಗ್ತದೆ ಮಾರಾಯ. ವರದಿ ಅಧಿಕೃತವೇ. ಆದ್ರೆ ಒಂದ್ ಷರತ್ತು" ಎಂದರು.

ಷರತ್ತನ್ನು ನಡಾವಳಿ ಪುಸ್ತಕದಲ್ಲಿ ನನ್ನ ಕೈಯಿಂದಲೇ ಬರೆದೆ: "ವರದಿಯನ್ನು ರವಾನಿಸುವ ಮುನ್ನ ಶ್ರೀಮತಿ ಸುಕನ್ಯಾ ಅವರು ಅಂಗಳವನ್ನು ಖುದ್ದಾಗಿ ನೋಡಿ ಒಪ್ಪಿಗೆ ನೀಡತಕ್ಕದ್ದು." ಅನುಮೋದಿಸಿದವರು ಷಡಕ್ಷರಿ. ಅಷ್ಟರಲ್ಲಿ ಸದಸ್ಯರೆಲ್ಲ ಆ ಕುಖ್ಯಾತ ಪತ್ರವನ್ನು ಓದಲೇಬೇಕೆಂದು ತಮ್ಮ ತಮ್ಮ ಫೋನುಗಳಲ್ಲಿ ಇಮೇಲ್ ತೆರೆಯಿಸಿಕೊಳ್ಳುತ್ತಿದ್ದರು. ಒಬ್ಬರಿದ್ದ ನನ್ನ ಓದುಗರು ಒಂದೇ ಮಧ್ಯಾಹ್ನದಲ್ಲಿ ನಲವತ್ತಮೂರಾದರು. ಯಾವ ಗ್ರಂಥಕರ್ತನೂ ಅಸೂಯೆಪಡಬಹುದಾದ ಏರಿಕೆಯಿದು.

ಷರತ್ತನ್ನು ಮ್ಯಾಕ್ರೋದಲ್ಲಿ ಅಳವಡಿಸಲು ನನಗೆ ಎರಡೇ ದಿನ ಸಾಕಾಯಿತು. ಅಂಗಳ ಹಸಿಯೋ ಒಣವೋ ಎಂದು ತುಂಬುವ ಒಂದು ಮನೆ, ಅದನ್ನು ತೆರೆಯಲೊಂದು ಗುಪ್ತಪದ. ಗುಪ್ತಪದವನ್ನು ಅವಳೇ ಇಟ್ಟುಕೊಂಡಳು. ಏನೆಂದು ಕೇಳಿದರೆ, "ಗುಪ್ತ ಅಂದ್ರೆ ಎಂತ ಅಂತ ನೀವೇ ಹೇಳ್ಕೊಟ್ರಲ್ಲ" ಎಂದಳು.

ನಿಜವಾದ ಹೂಮಳೆ ಬಂದದ್ದು ಏಪ್ರಿಲ್ ನಾಲ್ಕರಂದು. ಒಂದಿಂಚು ನಲವತ್ತು. ಸುಕನ್ಯಾ ಬೆಳಿಗ್ಗೆ ಅಂಗಳಕ್ಕಿಳಿದು, ಪಾದ ಮುಳುಗುವ ನೀರಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆದು ನೋಡಿ, ಬಂದು ಕಂಪ್ಯೂಟರಿನ ಮುಂದೆ ಕುಳಿತಳು. ಗುಪ್ತಪದ ಒತ್ತಿದಳು. ಆಮೇಲೂ ಬಹಳ ಹೊತ್ತು ಏನನ್ನೋ ಕುಟ್ಟುತ್ತಿದ್ದಳು.

"ಹಸಿ ಎಂದು ಬರೆಯಲು ಇಷ್ಟು ಹೊತ್ತೇ?"

"ನಿಮ್ಮ ಒಕ್ಕಣೆ ಸ್ವಲ್ಪ ಸರಿ ಮಾಡಿದೆ. ಹೂಂ, ಈಗ ಒತ್ತಿ."

ಒತ್ತಿದೆ. ನನ್ನ ಪಾಲಿನ ಪ್ರತಿಯನ್ನು ತೆರೆದು ನೋಡಿದೆ. ಗಿರಿಶ್ರೇಣಿಯೂ ಇಲ್ಲ, ಬಾಂಧವರೂ ಇಲ್ಲ. "ಮಳೆ ಒಂದು ನಲವತ್ತು. ಅಂಗಳ ನೋಡಿದೀನಿ. ಪಂಪ್ ನಿಲ್ಲಿಸಿ. ನಿಮಗೆಷ್ಟು ಬಂತು? — ಸುಕನ್ಯಾ."

ಹತ್ತು ಗಂಟೆಯೊಳಗೆ ಮೂವತ್ತೆಂಟು ಮಂದಿ ಉತ್ತರ ಬರೆದರು, ಅವರವರ ತೋಟದ ಸೆಂಟು ಸಮೇತ. ಎಲ್ಲವೂ "ಸುಕನ್ಯಕ್ಕ" ಎಂದೇ ಆರಂಭವಾಗಿದ್ದವು. ನಾನು ಅವನ್ನು ಊರುವಾರು ಜೋಡಿಸಿ, ಡೈರಿಯಲ್ಲಿ ಬರೆದೆ: "ಹೂಮಳೆ ೧೪೦ ಸೆಂಟು. ನಲವತ್ತಮೂರು ಪತ್ರಗಳೂ ತಲುಪಿವೆ. ಮ್ಯಾಕ್ರೋದಲ್ಲಿ ಯಾವ ದೋಷವೂ ಕಂಡುಬಂದಿಲ್ಲ."