ಮಾಲಗಾಡಿಗೆ ಲೈನ್ ಕ್ಲಿಯರ್

ನಮ್ಮ ಕಾಕಾ ಸ್ವಂತ ಮನೆಯಲ್ಲಿ ಬೆಂಕಿ ಹಚ್ಚಬೇಕಾದರೆ ಬೆಕ್ಕಿನ ಒಪ್ಪಿಗೆ ಬೇಕು ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ. ಒಂದು ಸಲ ಡಿಸೆಂಬರಿನಲ್ಲಿ ಕ್ಯಾಸಲ್‌ರಾಕಿಗೆ ಹೋಗಿ, ಬೆಳಗಿನ ಚಹಾದ ಹೊತ್ತಿಗೆ ಅವರ ಪಡಸಾಲೆಯಲ್ಲಿ ನಡುಗುತ್ತ ಕುಳಿತು ನೋಡಿ!

ಕಾಕಾ ರೈಲ್ವೆಯಲ್ಲಿದ್ದವರು. ಘಾಟು ಇಳಿಯುವ ಮೊದಲು ಅಲ್ಲಿ ನಿಲ್ಲುವ ಗಾಡಿಗಳ ಗಾಲಿಯನ್ನು ಸುತ್ತಿಗೆಯಿಂದ ಬಡಿದು, ಸದ್ದು ಕೇಳಿ, ಸರಿಯಿದೆಯೋ ಇಲ್ಲವೋ ಹೇಳುವುದು ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ ಹಳಿಯಾಳಕ್ಕೆ, ನಮ್ಮ ಬಳಿಗೆ ಬರಲಿಲ್ಲ. ಹಳೆಯದೊಂದು ಕಲ್ಲಿನ ಮನೆ ಕೊಂಡು ಅಲ್ಲಿಯೇ ಉಳಿದರು. ಅದರ ಪಡಸಾಲೆಯ ಗೋಡೆಯೊಳಗೆ, ಹೊಗೆಗೂಡಿನ ಕೆಳಗೆ, ಒಂದು ದೊಡ್ಡ ಅಗ್ಗಿಷ್ಟಿಕೆ. ಯಾವನೋ ಬಿಳಿ ಸಾಹೇಬ ಕಟ್ಟಿಸಿದ್ದಂತೆ. ಸಾಹೇಬ ಹೋದ, ಚಳಿ ಹೋಗಲಿಲ್ಲ. ಮನೆಯವರ ಬಾಯಲ್ಲಿ ಅದು 'ಗ್ವಾಡಿ ಒಲಿ'.

ಸುತ್ತಿಗೆಯನ್ನು ಕಾಕಾ ಇಲಾಖೆಗೆ ಮರಳಿಸಿದರು. ಬಡಿಯುವ ಚಟವನ್ನು ಮಾತ್ರ ಮನೆಗೆ ತಂದರು! ಮದುವೆ ಮನೆಯಲ್ಲೂ ಕುರ್ಚಿಯ ಕಾಲು ಬಡಿದು ನೋಡದೆ ಅವರು ಕೂತದ್ದಿಲ್ಲ.

ಮನೆಯಲ್ಲಿ ಎರಡು ಪ್ರಾಣಿಗಳು. ನಾಯಿಯ ಹೆಸರು ಪ್ಯಾಸೆಂಜರ್, ಏಕೆಂದರೆ ಅದು ಪ್ರತಿ ಕಂಬಕ್ಕೂ ನಿಲ್ಲುತ್ತದೆ. ಬೂದಿ ಬಣ್ಣದ ಬೆಕ್ಕು ಮಾಲಗಾಡಿ. ಎಲ್ಲಿ ಬೇಕಾದಲ್ಲಿ ಬಿದ್ದುಕೊಳ್ಳುತ್ತದೆ, ಯಾವಾಗ ಹೊರಡುತ್ತದೆಂದು ದೇವರಿಗೂ ತಿಳಿಯದು. ಇವೆರಡರ ಸಲುವಾಗಿ ಆ ಒಲೆಗೆ ಎಷ್ಟು ಕಾನೂನುಗಳು! ಬಿದಿರು ಉರಿಸುವಂತಿಲ್ಲ, ಗೆಣ್ಣು ಸಿಡಿದು ಕಿಡಿ ಹಾರುತ್ತದೆ. ಒಲೆಯ ಬಾಯಿಗೆ ತಂತಿಯ ಜಾಳಿಗೆ. ಜಾಳಿಗೆಯಿಂದ ಮೂರು ಅಡಿ ದೂರದಲ್ಲಿ ನೆಲದ ಮೇಲೊಂದು ಕೆಂಪು ಗೆರೆ. ಅದನ್ನು ನಾಯಿ ದಾಟಬಾರದು.

ಒಮ್ಮೆ ಮುಂಡಗೋಡದ ಕಡೆಯ ಚಿಗಳ್ಳಿಯಿಂದ ಬೀಗರು ಬಂದಿದ್ದರು. ಚಳಿಗೆ ಮುದುಡಿದ್ದ ಬೀಗಿತ್ತಿ ಕುರ್ಚಿ ಎಳೆದುಕೊಂಡು ಒಲೆಯ ಹತ್ತಿರವೇ ಕೂತುಬಿಟ್ಟರು. ಕಾಕಾ ಕೆಂಪು ಬಾವುಟ ತಂದರು. ನಿಜವಾಗಿ! ಆ ಬಾವುಟ ಇನ್ನೂ ಮನೆಯಲ್ಲಿದೆ.

"ಅಕ್ಕಾರ, ಗೆರಿ ಹಿಂದ ಸರೀರಿ."

"ಏನ್ರಿ ಇದು? ನಾಯಿಗೆ ಹಾಕಿದ ಗೆರಿ ನಮಗೂ ಐತೇನು?"

"ನಾಯಿ ತಾನ ಸರೀತೈತ್ರಿ. ನಿಮಗ ಹೇಳಬೇಕಾಗತೈತಿ."

ಬೀಗರು ಮತ್ತೆ ಬಂದಿಲ್ಲ.

ಮಾಲಗಾಡಿಗೆ ಮಾತ್ರ ಯಾವ ಗೆರೆಯೂ ಲೆಕ್ಕಕ್ಕಿಲ್ಲ. ಜಾಳಿಗೆಯ ಒಂದು ಮೂಲೆಯನ್ನು ತಲೆಯಿಂದ ನೂಕಿ ಒಳಗೆ ಹೋಗುವುದನ್ನು ಅದು ಕಲಿತಿತ್ತು. ಆರಿದ ಒಲೆಯ ಬೆಚ್ಚನೆಯ ಬೂದಿಗಿಂತ ಒಳ್ಳೆಯ ಹಾಸಿಗೆ ಎಲ್ಲಿದೆ? ಹೀಗಾಗಿ ಕಾಕಾರ ಕೊನೆಯ, ಎಲ್ಲಕ್ಕಿಂತ ದೊಡ್ಡ ಕಾನೂನು: ಕಡ್ಡಿ ಗೀರುವ ಮೊದಲು ಒಲೆಯ ಬಾಯಿಯ ಕಬ್ಬಿಣದ ಪಟ್ಟಿಗೆ ಚಿಮಟದಿಂದ ಮೂರು ಸಲ ಬಡಿಯಬೇಕು. ಠಣ್, ಠಣ್, ಠಣ್. ಬೂದಿ ಅಲುಗುತ್ತದೆ, ಎರಡು ಕಣ್ಣು ಮೂಡುತ್ತವೆ, ಮಾಲಗಾಡಿ ಮೈ ಮುರಿದು ಹೊರಗೆ ಬರುತ್ತದೆ. "ಲೈನ್ ಕ್ಲಿಯರ್!" ಎಂದು ಕಾಕಾ ಕೂಗಿದ ಮೇಲೆಯೇ ಬೆಂಕಿ.

"ನನ್ನ ಒಂದ ಸಲಾನೂ ಇಷ್ಟ ಪ್ರೀತಿಲೆ ಎಬ್ಬಿಸಿಲ್ಲ," ಎನ್ನುತ್ತಿದ್ದರು ಕಾಕಾರ ಹೆಂಡತಿ, ನಮ್ಮ ಕಾಕೂ.

"ನೀ ಬೂದ್ಯಾಗ ಮಲಗಂಗಿಲ್ಲಲ್ಲ."

ನಾನೂ ನಕ್ಕಿದ್ದೇನೆ. ಧಾರವಾಡದ ಹಾಸ್ಟೆಲಿನಲ್ಲಿ ಗೆಳತಿಯರೆದುರು ಬಾವುಟ ಹಿಡಿದವರಂತೆ ನಿಂತು ನಟಿಸಿ ತೋರಿಸಿದ್ದೇನೆ. ಎಂ.ಎ. ಓದುವ ಹುಡುಗಿಗೆ ಇದೆಲ್ಲ ಹುಚ್ಚಾಟದಂತೆ ಕಂಡರೆ ಆಶ್ಚರ್ಯವೇನು?

ನಾಲ್ಕು ವರ್ಷದ ಹಿಂದಿನ ಡಿಸೆಂಬರಿನ ಒಂದು ಬೆಳಗು, ರಜೆಗೆಂದು ನಾನು ಕಾಕಾರ ಮನೆಯಲ್ಲಿದ್ದೆ. ಕಾಕಾ ಹಾಲು ತರಲು ಹೋಗಿದ್ದರು, ಕಾಕೂ ಬಚ್ಚಲಿನಲ್ಲಿದ್ದರು. ನನಗೆ ಚಳಿ. ಜಾಳಿಗೆ ಸರಿಸಿ, ಪುರಳೆ ಕಟ್ಟಿಗೆ ಜೋಡಿಸಿ, ನನ್ನ ಪ್ರಬಂಧದ ಹಳೆಯ ಕರಡು ಹಾಳೆಗಳನ್ನು ತುರುಕಿ, ಕಡ್ಡಿ ಗೀರಿದೆ. ಚಿಮಟ ಪಕ್ಕದಲ್ಲೇ ಇತ್ತು. ಬಡಿಯಲಿಲ್ಲ. ಮರೆತದ್ದಲ್ಲ, ಬೇಡವೆನಿಸಿತು.

ಆ ಕೂಗನ್ನು ನಾನು ಬರೆಯಲಾರೆ. ಮಾಲಗಾಡಿ ಉರಿಯ ನಡುವಿನಿಂದ ಹಾರಿ ಹಿತ್ತಿಲಿಗೆ ಓಡಿತು. ನಾನು ಹಿಂದೆಯೇ ಓಡಿ ಹಿಡಿದು, ಬಕೆಟ್ಟಿನ ತಣ್ಣೀರು ಸುರಿದೆ. ಒದ್ದೆ ಕೂದಲಲ್ಲೇ ಬಂದ ಕಾಕೂ ಒಲೆ ನೋಡಿದರು, ಬೆಕ್ಕನ್ನು ನೋಡಿದರು. "ಅಯ್ಯ ಶಿವನ! ಹಚ್ಚಿ ಹೋಗ್ಯಾರ. ಬಡದಿಲ್ಲೇನು ಇವರು?"

'ನಾನು' ಎಂಬ ಒಂದು ಮಾತು ಸಾಕಿತ್ತು. ನಾನು ಕೈ ತೊಳೆಯಲು ಹೋದೆ.

ಹಾಲಿನ ಪಾತ್ರೆ ಹಿಡಿದು ಬಂದ ಕಾಕಾ ಬೈಗುಳವನ್ನೆಲ್ಲ ನಿಂತು ಕೇಳಿದರು. ಒಲೆಯೊಳಗೆ ಬಗ್ಗಿ ನೋಡಿ, "ಮರತಿರಬೇಕು," ಎಂದರು. ಬೆಕ್ಕನ್ನು ಒದ್ದೆ ಪಂಚೆಯಲ್ಲಿ ಸುತ್ತಿಕೊಂಡು ಪಕ್ಕದ ರಾಮನಗರದ ದನದ ಡಾಕ್ಟರರ ಬಳಿಗೆ ಹೊರಟರು. ಮಾಲಗಾಡಿ ಉಳಿಯಿತು. ಎಡಗಿವಿ ಅರ್ಧ ಉಳಿಯಿತು.

ಸ್ಟೇಷನ್ ಮುಂದಿನ ಚಹಾದಂಗಡಿಗೆ ಒಳ್ಳೆಯ ಮಾತು ಸಿಕ್ಕಿತು. "ಏನ್ರಿ, ಸಾವಿರ ಗಾಲಿ ಬಡದವರು ಮನಿ ಒಲಿ ಬಡೀಲಿಲ್ಲಂತ?" ಕಾಕಾ ನಗುತ್ತಿದ್ದರು. ಕಾಕೂ ಕಡ್ಡಿಪೆಟ್ಟಿಗೆಯನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ಇಡೀ ಗಾಡಿಗಳನ್ನು ಘಾಟಿಗೆ ಬಿಟ್ಟ ಮನುಷ್ಯ ಒಂದು ಕಡ್ಡಿಗಾಗಿ ಹೆಂಡತಿಯ ಮುಂದೆ ಕೈಯೊಡ್ಡಬೇಕಾಯಿತು. ಅಂದಿನಿಂದ ಅವರು ಮೂರರ ಬದಲು ಆರು ಸಲ ಬಡಿಯತೊಡಗಿದರು. ತಮ್ಮ ನೆನಪಿನ ಮೇಲೆಯೇ ಅವರಿಗೆ ನಂಬಿಕೆ ಹೋಯಿತೆಂದು ನಾನು ತಿಳಿದೆ. ಹಾಗೆ ತಿಳಿದೂ ಮೂರು ಚಳಿಗಾಲ ಸುಮ್ಮನಿದ್ದೆ.

ಕಳೆದ ಡಿಸೆಂಬರಿನಲ್ಲಿ ಕಾಕಾರಿಗೆ ಎಲ್ಲ ಹೇಳಿದೆ. ಕಾಕೂರ ಎದುರಿಗೇ ಹೇಳಿದೆ. ಕಾಕೂ ಸೊಂಟದಿಂದ ಕಡ್ಡಿಪೆಟ್ಟಿಗೆ ತೆಗೆದು ಕಾಕಾರ ಚಹಾದ ಬಸಿಯ ಪಕ್ಕದಲ್ಲಿಟ್ಟು ಒಳಗೆ ಹೋದರು.

ಕಾಕಾ ಹಳೆಯ ಟೈಂಟೇಬಲ್ ಪುಸ್ತಕದೊಳಗಿಂದ ಅಂಚು ಸುಟ್ಟ ಹಾಳೆಯೊಂದನ್ನು ತೆಗೆದರು. ನನ್ನ ಅಕ್ಷರ.

"ಅವತ್ತ ಬೂದಿ ತಗೀಯೂ ಮುಂದ ಸಿಕ್ಕಿತ್ತು."

"ಮತ್ತ ಯಾಕ ಹೇಳಲಿಲ್ರಿ ಕಾಕಾ?"

"ಹೇಳಿದ್ರ ನೀ ಮತ್ತ ಈ ಮನಿಗೆ ಬರತಿದ್ದೇನು?"

ನನಗೆ ಉತ್ತರ ಗೊತ್ತಿತ್ತು. "ಹಂಗಾರ ಆರು ಸಲ ಯಾಕ ಬಡೀತೀರಿ?"

"ಮೂರು ನಂದು. ಮೂರು ನಿನ್ನ ಪಾಲಿಂದು. ನಿಂದು ಉಳದಿತ್ತಲ್ಲ."

ಅವರು ಮೂರು ಸಲ ಬಡಿದು ಚಿಮಟವನ್ನು ನನ್ನ ಕೈಗೆ ಕೊಟ್ಟರು. ಅರ್ಧ ಕಿವಿಯ ಮಾಲಗಾಡಿ ಅವರ ತೊಡೆಯ ಮೇಲೆಯೇ ನಿದ್ದೆ ಹೋಗಿತ್ತು. ಆದರೂ ಬಡಿದೆ.