ಅತ್ತೆಯ ಕರ್ಚೀಫಿಗೊಂದು ಟೈಟಾನಿಯಂ ಡಬ್ಬಿ

ಅತ್ತೆಯ ವಾಸನೆಯನ್ನು ಶಾಶ್ವತವಾಗಿ ಉಳಿಸಿಯೇ ತೀರುತ್ತೇನೆಂದು ಪಣ ತೊಟ್ಟ ಅಳಿಯ ಈ ಲೋಕದಲ್ಲಿ ನಾನೊಬ್ಬನೇ ಇರಬೇಕು!

ಅತ್ತೆ ತೀರಿಕೊಂಡ ಮೇಲೆ ನನ್ನ ಹೆಂಡತಿಗೆ ಉಳಿದದ್ದು ಅವರದೊಂದು ಕರ್ಚೀಫು. ಸೋಪು, ನೋವಿನ ಮುಲಾಮು, ಅಮ್ಮ, ಮೂರೂ ಬೆರೆತ ವಾಸನೆ ಅದರಲ್ಲಿತ್ತು. ಬೆಳಿಗ್ಗೆ ಎದ್ದವಳೇ ಅದನ್ನು ಮೂಸಿ, ಕಣ್ಣೊರೆಸಿಕೊಂಡು, ಆಮೇಲೆ ಒಲೆ ಹಚ್ಚುತ್ತಿದ್ದಳು.

"ದಿನದಿನಕ್ಕೂ ಕಮ್ಮಿ ಆಗ್ತಿದೆ ಕಣ್ರೀ," ಎಂದಳು ಒಂದು ದಿನ. ನನಗೆ ತಡೆಯಲಾಗಲಿಲ್ಲ.

ನಾನೇನು ಸಾಮಾನ್ಯನೇ? ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯ ಲೇತ್ ಆಪರೇಟರು!

"ಟೈಟಾನಿಯಂ ಡಬ್ಬಿ ಮಾಡ್ಕೊಡ್ತೀನಿ. ಉಕ್ಕಿನಷ್ಟು ಗಟ್ಟಿ, ತೂಕ ಹೆಚ್ಚೂಕಮ್ಮಿ ಅರ್ಧ. ಸಮುದ್ರಕ್ಕೆ ಹಾಕಿದ್ರೂ ತುಕ್ಕು ಹಿಡಿಯಲ್ಲ. ವಾಸನೆ ಒಂಚೂರೂ ಆಚೆ ಹೋಗಲ್ಲ!"

"ಪ್ಲಾಸ್ಟಿಕ್ ಡಬ್ಬಿ ಸಾಲಲ್ವೇನ್ರೀ?"

"ಪ್ಲಾಸ್ಟಿಕ್ಕಾ? ಅತ್ತೆಗೆ?"

ಫೋರ್‌ಮನ್‌ನನ್ನು ಕೇಳಿ ಉಳಿಕೆ ತುಂಡು ತಂದು, ತಿರುಗಿಸಿ ಮುಚ್ಚುವ ಡಬ್ಬಿ ಮಾಡಿದೆ. ಟೈಟಾನಿಯಂಗೆ ಟೈಟಾನಿಯಂ ಉಜ್ಜಿದರೆ ಎರಡೂ ಕಚ್ಚಿಕೊಂಡು ಒಂದೇ ಆಗಿಬಿಡುತ್ತವೆ, ನಡುವೆ ಗ್ರೀಸ್ ಇರಲೇಬೇಕು. ಹೊಸಬರಿಗೆಲ್ಲ ಬೈದು ಬೈದು ಇದನ್ನು ಕಲಿಸಿದವನು ನಾನೇ. ಆದರೆ ಅತ್ತೆ ಬದುಕಿದ್ದಾಗ ನನ್ನ ಅಂಗಿಯ ಗ್ರೀಸ್ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ಈಗ ಅವರ ಕರ್ಚೀಫಿಗೇ ಅದನ್ನು ಅಂಟಿಸಲೇ? ಮನಸ್ಸು ಬರಲಿಲ್ಲ. ಕರ್ಚೀಫನ್ನು ಒಳಗಿಟ್ಟು ಒಣ ಮುಚ್ಚಳವನ್ನೇ ತಿರುಗಿಸಿದೆ. ಭದ್ರವಾಗಲೆಂದು ಕೊನೆಗೊಂದು ಬಿಗಿ ಕೊಟ್ಟೆ. ಕಿರ್ ಎಂದಿತು! ಕೇಳಿಸದವನಂತೆ ಡಬ್ಬಿಯನ್ನು ಹೆಂಡತಿಯ ಕೈಗಿಟ್ಟೆ.

ಬೆಳಿಗ್ಗೆ ಅವಳ ದನಿ: "ರೀ, ಮುಚ್ಚಳ ಬರ್ತಿಲ್ಲ."

ಬಟ್ಟೆ ಸುತ್ತಿ ತಿರುಗಿಸಿದೆ. ಮಂಡಿಗಳ ನಡುವೆ ಒತ್ತಿ ಹಿಡಿದು ತಿರುಗಿಸಿದೆ. ನನ್ನ ಸೊಂಟ ತಿರುಗಿತೇ ಹೊರತು ಮುಚ್ಚಳ ತಿರುಗಲಿಲ್ಲ! ಕಾರ್ಖಾನೆಗೆ ಹೊತ್ತೊಯ್ದೆ.

"ಗ್ರೀಸ್ ಹಚ್ಚಿದ್ಯೇನಯ್ಯಾ?" ಎಂದ ಫೋರ್‌ಮನ್. ನಾನು ಚಾವಣಿ ನೋಡಿದೆ.

"ಕೊಯ್ಯಬಹುದು. ಆದ್ರೆ ಈ ಲೋಹದಲ್ಲಿ ಬಿಸಿ ಬೇಗ ಹರಡಲ್ಲ, ಕೊಯ್ದಲ್ಲೇ ನಿಲ್ಲುತ್ತೆ. ಕಿಡಿ ಬಿದ್ರೆ ಒಳಗಿರೋ ಬಟ್ಟೆ ಸುಡುತ್ತೆ. ತಣ್ಣಗಾಗ್ಲಿ ಅಂತ ಎಣ್ಣೆನೀರು ಬಿಟ್ರೆ ನೆನೆದುಹೋಗುತ್ತೆ. ಹೇಗೆ ಮಾಡಿದ್ರೂ ವಾಸನೆ ಹೋಯ್ತು ಅನ್ಕೋ."

ಮನೆಗೆ ಬಂದು ತಲೆ ತಗ್ಗಿಸಿ ಎಲ್ಲ ಹೇಳಿದೆ. ಬೈಗುಳಕ್ಕೆ ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಂಡಳು. ಆಮೇಲೆ ಅದನ್ನು ದಿಂಬಿನ ಪಕ್ಕ ಇಟ್ಟಳು.

"ಒಂಚೂರೂ ಆಚೆ ಹೋಗಲ್ಲ ಅಂದಿದ್ರಲ್ಲ," ಎಂದಳು. "ಮದುವೆಯಾದಾಗಿಂದ ನೀವು ಉಳಿಸ್ಕೊಂಡ ಮಾತು ಇದೊಂದೇ ನೋಡಿ."