ಫಿಯೆಟ್ಟಿಗೆ ಹಾಸಿದ ಬಾಳೆಲೆ

ಅಪ್ಪನ ಕಾಲದ ಫಿಯೆಟ್ ಕಾರಿನ ಎಂಜಿನ್ನನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸುವ ಗಂಡು ಮೂಡುಬಿದಿರೆಯಲ್ಲಿ ತಾನೊಬ್ಬನೇ ಎಂದು ಪಾತ್ರೆ ಅಂಗಡಿಯ ಹೇಮರಾಜರು ಸಾರಿಬಿಟ್ಟರು. ಸಾರಿದ್ದು ಹೆಂಡತಿಯ ತಮ್ಮ ಸಮ್ಮೇದನ ಎದುರಿಗೆ, ಅದೇ ಎಡವಟ್ಟು. ಅವನು ತಕ್ಷಣ ಪಂಥ ಕಟ್ಟಿದ. ಬರುವ ಆದಿತ್ಯವಾರ ತಾನು ವೇಣೂರಿನಿಂದ ಬರುವಾಗ ಕಾರು ಸ್ಟಾರ್ಟ್ ಆಗದಿದ್ದರೆ ಅದು ಸೀದಾ ಗುಜರಿಗೆ, ಖಾಲಿಯಾದ ಶೆಡ್ಡು ಅಂಗಳದಲ್ಲಿ ನೆನೆಯುವ ಅಕ್ಕನ ಸ್ಕೂಟರಿಗೆ! ಹೇಮರಾಜರು ಗೋಡೆಯ ಮೇಲಿದ್ದ ಅಪ್ಪನ ಫೋಟೋ ಕಡೆಗೊಮ್ಮೆ ನೋಡಿ ಒಪ್ಪಿಕೊಂಡರು.

ಎಂಜಿನ್ ಬಿಚ್ಚಿದ್ದೇ ತಡ, ಅಂಗಡಿ ಮರೆತುಹೋಯಿತು. ಎಂಥಾ ಕಟ್ಟೋಣ, ಎಂಥಾ ಅಚ್ಚುಕಟ್ಟು! ನಾಲ್ಕು ಪಿಸ್ಟನ್, ನಾಲ್ಕು ರಾಡು, ಒಂದೊಂದು ರಾಡಿನ ಬುಡಕ್ಕೆ ಅದರದ್ದೇ ಆದ ಒಂದೊಂದು ಕ್ಯಾಪು. ಅವರು ಹೆಂಡತಿಯನ್ನು ಕರೆದು ತೋರಿಸಿದರು.

"ನೋಡು ಪದ್ಮ, ಒಂದರ ಕ್ಯಾಪ್ ಇನ್ನೊಂದಕ್ಕೆ ಹಾಕಿದರೆ ಎಂಜಿನ್ ಮಿಸುಕುವುದೇ ಇಲ್ಲ. ಏಕಪತ್ನೀವ್ರತ ಅಂದರೆ ಇದು."

ಕ್ಯಾಪುಗಳ ಮೇಲಿನ ನಂಬರು ಸವೆದುಹೋಗಿದ್ದರಿಂದ ಹಿತ್ತಲಿನ ಬಾಳೆಲೆ ಕೊಯ್ದು ತಂದು, ಶೆಡ್ಡಿನ ಮೇಜಿನ ಮೇಲೆ ಕೈಗೆ ಬಂದ ಹಾಗೆ ಹಾಸಿ, ಅವುಗಳನ್ನು ಎಡದಿಂದ ಬಲಕ್ಕೆ ಒಂದು, ಎರಡು, ಮೂರು, ನಾಲ್ಕು ಎಂದು ಸಾಲಾಗಿ ಇಟ್ಟರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆ ಅದು. ಕೈ ತೊಳೆದು ಒಳಗೆ ಹೋದರು.

ಮರುದಿನ ಅದೇ ಸಾಲಿನಂತೆ ಜೋಡಿಸಿ ತಿರುಗಿಸಲು ನೋಡಿದರೆ ಎಂಜಿನ್ ಒಂದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

ಯಾರೋ ಕೈಯಾಡಿಸಿದ್ದಾರೆ! ಹೇಮರಾಜರ ತಲೆಯೊಳಗೆ ಅನುಮಾನ ಹೊಕ್ಕಿತು. ಮೆಕ್ಯಾನಿಕ್ ಲೋಕನಾಥ ನಿನ್ನೆ ಗೇಟಿನ ಹತ್ತಿರ ನಿಂತು ನಕ್ಕಿದ್ದ. ಯಾಕೆ ನಕ್ಕ? ಸಮ್ಮೇದ ಫೋನು ಮಾಡಿ ಆರೋಗ್ಯ ವಿಚಾರಿಸಿದ್ದ. ಎಂದೂ ಇಲ್ಲದ ಅಕ್ಕರೆ ಇವತ್ತೇ ಯಾಕೆ? ಅಷ್ಟರಲ್ಲಿ ಪದ್ಮಲತಾ ಚಹಾ ತಂದರು. ಅವರ ಸೆರಗಿನಲ್ಲಿ ಕಪ್ಪು ಆಯಿಲಿನ ಕಲೆ! ಒಂದು ಸ್ಕೂಟರಿಗಾಗಿ, ಕಟ್ಟಿಕೊಂಡ ಹೆಂಡತಿಯೇ ತಮ್ಮನ ಜೊತೆ ಸೇರಿಕೊಂಡಳೇ?

"ಸತ್ಯ ಹೇಳು. ನೀನು ಶೆಡ್ಡಿಗೆ ಹೋಗಿದ್ದಿಯಾ?"

"ಹೋಗಿದ್ದೆ."

"ನನ್ನ ಕ್ಯಾಪ್ ಮುಟ್ಟಿದ್ದಿಯಾ?"

"ಅದನ್ನು ನಾನು ಯಾಕೆ ಮುಟ್ಟಲಿ ಮಾರಾಯ್ರೆ? ಎಲೆ ಮಾತ್ರ ತಿರುಗಿಸಿದ್ದು. ನೀವು ಎಲೆಯ ಕೊಡಿ ತುದಿಯನ್ನು ಬಲಕ್ಕೆ ಮಾಡಿ ಹಾಕಿದ್ದಿರಿ. ಎಲೆಯ ಕೊಡಿ ಎಡಕ್ಕೆ ಬರಬೇಕು ಅಂತ ಸಣ್ಣ ಮಕ್ಕಳಿಗೂ ಗೊತ್ತುಂಟು. ಮೆಲ್ಲ ತಿರುಗಿಸಿದೆ, ಒಂದೂ ಬೀಳಲಿಲ್ಲ."

ಹೇಮರಾಜರು ತಲೆಯ ಮೇಲೆ ಕೈಯಿಟ್ಟು ಕುಳಿತರು. ಎಲೆ ತಿರುಗಿದಾಗ ಒಂದನೆಯದು ನಾಲ್ಕನೆಯದರ ಜಾಗಕ್ಕೆ, ಎರಡನೆಯದು ಮೂರನೆಯದರ ಜಾಗಕ್ಕೆ ಹೋಗಿತ್ತು. ವ್ರತ ಕೆಡಿಸಿಕೊಳ್ಳಲು ಎಂಜಿನ್ ಒಪ್ಪಿರಲಿಲ್ಲ, ಅಷ್ಟೆ. ಹೆಂಡತಿಯ ಮುಖ ನೋಡಲು ನಾಚಿಕೆಯಾಗಿ ಅವರು ತಲೆ ತಗ್ಗಿಸಿಕೊಂಡೇ ಇನ್ನೊಮ್ಮೆ ಎಲ್ಲ ಬಿಚ್ಚಿದರು. ಈ ಸಲ ಎಲೆ ಹಾಸಲು ಪದ್ಮಲತಾ ಅವರನ್ನೇ ಕರೆದರು.

ಆದಿತ್ಯವಾರ ಫಿಯೆಟ್ ಕೆಮ್ಮಿತು, ಗುರುಗುಟ್ಟಿತು, ಸಮ್ಮೇದನ ಬಿಳಿ ಅಂಗಿಗೆ ಹೊಗೆ ಉಗುಳಿ ಸ್ಟಾರ್ಟ್ ಆಯಿತು. ಸಮ್ಮೇದ ಕಣ್ಣರಳಿಸಿದ. ಇಡೀ ಎಂಜಿನ್ನನ್ನು ಭಾವ ಒಬ್ಬರೇ ಕೂರಿಸಿದರೇ ಎಂದು ಕೇಳಿದ. ಹೇಮರಾಜರು ಎದೆಯುಬ್ಬಿಸಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪದ್ಮಲತಾ ಉತ್ತರ ಕೊಟ್ಟಾಗಿತ್ತು.

"ಎಲೆ ಹಾಕಿದ್ದು ನಾನು. ಇವರು ಬಡಿಸಿದ್ದು ಮಾತ್ರ."